ಆಡು-ಹುಲಿ ಆಟದ ಆ್ಯಪ್ ಮಾಡಿಸೋ ಮುಂಚೆ ಇದನ್ನೊಮ್ಮೆ ಓದಿ

ನಮ್ಮೂರ ಗುಡಿಯ ಜಗಲಿ ಕಲ್ಲಿನ ಮೇಲೆ ಆಡು-ಹುಲಿ ಆಟದ ಮನೆ ಕೊರೆದಿದ್ದಾರೆ. ಅದನ್ನು ಮೊಬೈಲಿಗೆ ತರಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ನನ್ನ ಕೋಡಿಂಗ್ ಅಷ್ಟಕ್ಕಷ್ಟೆ. ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬ ಹುಡುಗನಿಗೆ 30 ಸಾವಿರಕ್ಕೆ ಕೆಲಸ ಒಪ್ಪಿಸಿದೆ. ಕಲ್ಲಿನ ಫೋಟೊ ಕಳಿಸಿ, 'ಹುಲಿ 3, ಆಡು 15, ಮನೆ 23' ಅಂತ ಬರೆದೆ (ಮನೆ ಅಂದರೆ ಗೆರೆಗಳು ಕೂಡುವ ಜಾಗ, ಕಾಯಿ ಇಡೋದು ಅಲ್ಲೇ). ಅಷ್ಟೇ ಬರೆದೆ, ತಪ್ಪು ನಂದೂ ಇದೆ.

ನಾಲ್ಕೇ ದಿನಕ್ಕೆ ಆಟ ಬಂತು. ನೋಡೋಕೆ ಬಲು ಚೆಂದ. ಖುಷಿಯಲ್ಲಿ ಪೂರ್ತಿ ದುಡ್ಡು ಹಾಕಿಬಿಟ್ಟೆ. ಆಮೇಲೆ ಅಪ್ಪನ ಕೈಗೆ ಫೋನ್ ಕೊಟ್ಟೆ.

"ಏನೋ ಇದು, ಹುಲಿ ಹಾರ್ತಾನೇ ಇಲ್ವಲ್ಲ?"

ನೆತ್ತಿಯ ಮನೆಯಲ್ಲಿ ಹುಲಿ, ಕೆಳಗೆ ಆಡು, ಅದೇ ಗೆರೆಯಲ್ಲಿ ಅದರಾಚೆಯ ಮನೆ ಖಾಲಿ. ಹುಲಿ ಆಡಿನ ಮೇಲಿಂದ ಆ ಖಾಲಿ ಮನೆಗೆ ಹಾರಿದರೆ ಆಡನ್ನು ತಿಂದ ಹಾಗೆ. ಆದರೂ ಹುಲಿ ಕದಲಲಿಲ್ಲ. ಹುಡುಗನಿಗೆ ಹೇಳಿದೆ. "ಸಣ್ಣ ಬಗ್ ಸರ್" ಅಂತ ಮಾರನೇ ದಿನ ಸರಿಮಾಡಿ ಕಳಿಸಿದ. ಈಗ ಹುಲಿ ಹಾರ್ತು, ಆದರೆ ಮೂಲೆ ತಿರುಗಿ ಪಕ್ಕದ ಗೆರೆಗೆ! ಅಪ್ಪ ನಕ್ಕಿದ್ದು ನೋಡಬೇಕಿತ್ತು.

ಗೆಳೆಯನೊಬ್ಬ ಕೋಡ್ ತೆರೆದು ನೋಡಿದ. ಫೈಲ್ ಹೆಸರೇ 'ಬಾಘ್‌ಚಾಲ್'. ಅದು ನೇಪಾಳದ ಆಟ: 4 ಹುಲಿ, 20 ಆಡು, ಸಾಲಿಗೆ 5ರಂತೆ 25 ಮನೆ. ಯಾರದೋ ಸಿದ್ಧ ಕೋಡಿಗೆ ನಮ್ಮ ಚಿತ್ರ ಅಂಟಿಸಿದ್ದ ಅಷ್ಟೇ. ಆ ಚೌಕದಲ್ಲಿ ಮನೆಗಳು ಸಮ ದೂರದಲ್ಲಿವೆ. ಒಂದು ಹೆಜ್ಜೆ ಎಷ್ಟೋ, ಅಷ್ಟನ್ನೇ ಇನ್ನೊಮ್ಮೆ ಕೂಡಿಸಿದರೆ ಹಾರುವ ಮನೆ ಸಿಗುತ್ತೆ. ನಮ್ಮದರಲ್ಲಿ ನೆತ್ತಿಗೆ 1, ನಡುವಿನ ಮೂರು ಸಾಲಿಗೆ ತಲಾ 6, ಬುಡಕ್ಕೆ 4 ಮನೆ. ಆ ಲೆಕ್ಕ ಇಲ್ಲಿ ನಡೆಯೋದೇ ಇಲ್ಲ. ದೂರು ಹೋದ ಮೇಲೆ 'ಆಡಿನ ಪಕ್ಕದ ಯಾವ ಖಾಲಿ ಮನೆಗಾದರೂ ಹಾರು' ಅಂತ ಬರೆದುಬಿಟ್ಟಿದ್ದಾನೆ.

ನೀವು ಮಾಡಿಸೋದಾದರೆ ಯಾವ ಮನೆಗೆ ಯಾವ ಮನೆ ಪಕ್ಕ ಅಂತ ಕೊಟ್ಟರೆ ಸಾಲದು. ಗೆರೆಗಳನ್ನೇ ಬರೆದು ಕೊಡಿ. ಪ್ರತಿ ಗೆರೆಯ ಮೇಲಿನ ಮನೆಗಳು, ಸಾಲಾಗಿ. ಹಾರೋದು ಒಂದೇ ಗೆರೆಯಲ್ಲಿ ಒಂದರ ಪಕ್ಕ ಒಂದಿರುವ ಮೂರು ಮನೆಗಳಲ್ಲಿ ಮಾತ್ರ. ಎಷ್ಟು ಆಡು ತಿಂದರೆ ಹುಲಿ ಗೆದ್ದ ಹಾಗೆ ಅನ್ನೋದನ್ನೂ ಬರೀರಿ, ಅದು ಊರಿಗೊಂದು ಥರ. ಮತ್ತೆ, ಆಟ ಬಲ್ಲ ಹಿರಿಯರೊಬ್ಬರು ಆಡಿ ನೋಡೋವರೆಗೂ ಕೊನೇ ಕಂತು ಬಿಡಬೇಡಿ.

ನಮ್ಮ ಕಲ್ಲಿನಲ್ಲಿ ಒಟ್ಟು 10 ಗೆರೆ. ಅಪ್ಪನ ಜೊತೆ ಕೂತು ಪೆನ್ಸಿಲ್‌ನಲ್ಲಿ ಬರೆದುಕೊಳ್ಳೋಕೆ ಅರ್ಧ ಗಂಟೆ ಹಿಡೀತು. ಹುಡುಗ ಈಗ ಫೋನ್ ಎತ್ತುತ್ತಿಲ್ಲ.