ಕಡಲಿನಿಂದ ಕಾರಂಜಾಕ್ಕೆ: ಹಳೆಯ ಟೂ-ಸ್ಟ್ರೋಕ್ ದೋಣಿ ಎಂಜಿನ್‌ನೊಂದಿಗೆ ಆರು ವರ್ಷ

ಮಲ್ಪೆಯ ಕಡೆಯಿಂದ ಆರು ವರ್ಷಗಳ ಹಿಂದೆ 38 ಸಾವಿರ ರೂಪಾಯಿಗೆ ತರಿಸಿಕೊಂಡ, ಜಪಾನಿನ ಕಂಪನಿಯೊಂದರ ಈ 8 ಅಶ್ವಶಕ್ತಿಯ ಎಂಜಿನ್ ಚಾಲೂ ಆದ ಕೂಡಲೇ ನಾನು ನೋಡುವುದು ವೇಗವನ್ನಲ್ಲ, ಅದರ ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮುವ, ಪೆನ್ಸಿಲಿನಷ್ಟೂ ದಪ್ಪವಿಲ್ಲದ ನೀರಿನ ಎಳೆಯನ್ನು. ಎಂಜಿನ್ನಿನ ಮೈಯನ್ನು ತಂಪಾಗಿಸಿದ ನೀರು ಹೊರಬರುವ ದಾರಿ ಅದು. ಅದಕ್ಕೆ ಬೆರಳು ಹಿಡಿದರೆ ಉಗುರುಬೆಚ್ಚಗಿರಬೇಕು. ಬೆರಳು ತಾನಾಗಿ ಹಿಂದೆ ಸರಿಯುವಷ್ಟು ಬಿಸಿ ಇದ್ದರೆ ಅಂದು ಬಲೆ ಎಳೆಯುವ ಕೆಲಸ ಹುಟ್ಟು ಹಾಕಿಕೊಂಡೇ ಎಂದು ತಿಳಿಯಬೇಕು.

ಮೊದಲ ವರ್ಷವೆಲ್ಲ ಈ ಎಳೆಯೇ ನನ್ನನ್ನು ಅಳಿಸಿತು. ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿರುವ ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ಹದಿನೈದು ನಿಮಿಷ ಓಡಿದ ಮೇಲೆ ನೀರು ತೊಟ್ಟಿಕ್ಕತೊಡಗುತ್ತಿತ್ತು, ಎಂಜಿನ್ ಮಂಕಾಗುತ್ತಿತ್ತು, ಮೇಲಿನ ಮುಚ್ಚಳ ತೆಗೆದರೆ ಸುಟ್ಟ ಬಣ್ಣದ ವಾಸನೆ ಬರುತ್ತಿತ್ತು. ತೂತಿಗೆ ತಂತಿ ಹಾಕಿ ತೆಗೆದರೆ ಮಣ್ಣು ಬಂತು, ಎರಡು ದಿನ ಸರಿಹೋಯಿತು, ಮತ್ತೆ ಅದೇ ರೋಗ. ಕೆಳಗಿನ ಗೇರ್ ಭಾಗವನ್ನು ಬಿಚ್ಚಿ ನೀರನ್ನು ಮೇಲಕ್ಕೆ ತಳ್ಳುವ ರಬ್ಬರಿನ ರೆಕ್ಕೆಚಕ್ರವನ್ನು, ಅಂದರೆ ಇಂಪೆಲ್ಲರನ್ನು, ಬದಲಿಸಿದೆ. ಪಾರ್ಸೆಲ್ ಬರಲು ಒಂಬತ್ತು ದಿನ ಕಾದಿದ್ದೆ, ಅದೂ ವ್ಯರ್ಥವಾಯಿತು.

ಭಾಲ್ಕಿಯಲ್ಲಿ ಲೂನಾಗಳ ಕಾಲದಿಂದ ಟೂ-ಸ್ಟ್ರೋಕ್ ಗಾಡಿಗಳನ್ನೇ ರಿಪೇರಿ ಮಾಡಿಕೊಂಡು ಬಂದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ದೋಣಿಯ ಎಂಜಿನ್ನನ್ನು ಅವರು ಅದುವರೆಗೆ ಮುಟ್ಟಿರಲಿಲ್ಲ. ಆದರೂ ನನ್ನ ಮಾತನ್ನು ಪೂರ್ತಿ ಕೇಳಿ, "ತಮ್ಮಾ, ನೀರ್ ಕುಡಿಲಾರದ ಎತ್ತು ಗಳೆ ಹೊಡಿತದೇನು? ಬಾಯಿ ನೋಡೀದಿ, ಗಂಟಲ ನೋಡೀಯೇನು?" ಎಂದರು. ಗಂಟಲೆಂದರೆ ಸಿಲಿಂಡರಿನ ಮೇಲಿರುವ, ಎಂಜಿನ್ ಬಿಸಿಯಾದಂತೆ ತೆರೆದು ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್. ಅದರ ಮುಚ್ಚಳದ ಬೋಲ್ಟುಗಳು ಕಡಲಿನ ಉಪ್ಪಿಗೆ ಅಲ್ಯೂಮಿನಿಯಂನೊಂದಿಗೆ ಬೆಸೆದುಕೊಂಡಿದ್ದವು. ಎರಡು ದಿನ ಎಣ್ಣೆ ಬಿಟ್ಟು, ಬ್ಲೋ ಲ್ಯಾಂಪಿನಿಂದ ಬಿಸಿ ಮಾಡಿ, ತುಸುವೇ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುತ್ತ ಬಿಚ್ಚಿದರೂ ಒಂದು ಬೋಲ್ಟ್ ಒಳಗೇ ಮುರಿಯಿತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಆರುನೂರು ರೂಪಾಯಿ ಹೋಯಿತು. ಒಳಗೆ ನೀರು ಹರಿಯುವ ದಾರಿಗಳಲ್ಲಿ, ಹಳೆಯ ಹಂಡೆಯ ತಳದಲ್ಲಿ ಕಟ್ಟಿಕೊಳ್ಳುವಂತಹ ಬಿಳಿ ಕರಟು ಗಟ್ಟಿಯಾಗಿ ಕುಳಿತಿತ್ತು. ಮಾರಿದವರು ಹೊರಮೈಗೆ ಹೊಸ ಬಣ್ಣ ಹೊಡೆದು ಕೊಟ್ಟಿದ್ದರು, ನಾನೂ ಆ ಬಣ್ಣಕ್ಕೇ ಮರುಳಾಗಿದ್ದೆ.

ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಆ ದಾರಿಗಳಲ್ಲಿ ಮತ್ತೆ ಮತ್ತೆ ತುಂಬಿ ಚೆಲ್ಲಿ, ಮೆತ್ತಗಾದ ಕರಟನ್ನು ಬಿದಿರ ಕಡ್ಡಿಯಿಂದ ಕೆರೆದು ತೆಗೆದು, ಹೊಸ ಥರ್ಮೋಸ್ಟಾಟ್ ಕೂರಿಸಿ ನೀಲಿ ಡ್ರಮ್ಮಿನ ನೀರಿನಲ್ಲಿ ಎಂಜಿನ್ ಚಾಲೂ ಮಾಡಿದಾಗ ಆ ಎಳೆ ಅಂಗಳದ ಗೋಡೆಗೆ ಹೋಗಿ ಬಡಿಯಿತು. ಮಕ್ಕಳು ಅದರಡಿ ಕೈ ಒಡ್ಡಿ ಆಡಿದರು. ಈ ಎಂಜಿನ್ ಕುರಿತ ನನ್ನ ಸಿಟ್ಟು ಇಳಿದದ್ದು ಅಂದೇ.

ಅಂದಿನಿಂದ ಡ್ರಮ್ಮಿನ ಸ್ನಾನ ತಪ್ಪಿಲ್ಲ. ನಮ್ಮದು ಸಿಹಿನೀರಾದ್ದರಿಂದ ಉಪ್ಪಿನ ಭಯವಿಲ್ಲ, ಆದರೆ ಮಳೆಗಾಲದ ಹೊಸ ನೀರು ಹೊತ್ತು ತರುವ ಮಣ್ಣು ಒಳಗೆ ಕೂರುತ್ತದೆ. ವಾರಕ್ಕೊಮ್ಮೆ ಪ್ರೊಪೆಲ್ಲರಿನ ಮೇಲಿನ ತಟ್ಟೆ ಮುಳುಗುವಷ್ಟು ನೀರು ತುಂಬಿಸಿ, ನ್ಯೂಟ್ರಲ್‌ನಲ್ಲಿ ಐದು ನಿಮಿಷ ಓಡಿಸುತ್ತೇನೆ. ನೀರಿಲ್ಲದೆ "ಸುಮ್ಮನೆ ಒಮ್ಮೆ" ಚಾಲೂ ಮಾಡಿ ನೋಡುವ ಚಪಲ ಯಾರಿಗೂ ಬೇಡ, ಒಣಗಿದ ಇಂಪೆಲ್ಲರಿನ ರೆಕ್ಕೆಗಳು ಕೆಲವೇ ಕ್ಷಣಗಳಲ್ಲಿ ಸುಟ್ಟು ಹರಿಯುತ್ತವೆ.

ಇಂಧನದ ವಿಷಯದಲ್ಲಿ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ. ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, ಅಂದರೆ ಐವತ್ತಕ್ಕೆ ಒಂದು ಪಾಲು, ಎಂಬುದು ಸರಳ ಲೆಕ್ಕ. ಆದರೆ ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಗಾಳಿಯಿಂದ ತಂಪಾಗುವ ಬೈಕುಗಳ 2ಟಿ ಆಯಿಲ್. ದೋಣಿಯ ಎಂಜಿನ್ ನೀರಿನಿಂದ ತಂಪಾಗುವಂಥದ್ದು, ಅದಕ್ಕೆ ಬೂದಿ ಉಳಿಸದ ಟಿಸಿ-ಡಬ್ಲ್ಯು3 ದರ್ಜೆಯ ಆಯಿಲೇ ಬೇಕು, ಅದೂ ಪಾರ್ಸೆಲ್‌ನಲ್ಲೇ ಬರಬೇಕು. ಇನ್ನು ಪೆಟ್ರೋಲಿನಲ್ಲಿ ಎಥನಾಲ್ ಪಾಲು 2022ರಲ್ಲಿ ಶೇ 10 ಮುಟ್ಟಿ, 2025ಕ್ಕೆ ಶೇ 20ಕ್ಕೆ ಏರಿತು. ಕಬ್ಬು ಬೆಳೆಯುವ ಜಿಲ್ಲೆಯಲ್ಲಿ ನಿಂತು ಎಥನಾಲನ್ನು ಬೈಯುವುದು ತರವಲ್ಲವೇನೋ, ಆದರೆ ಅದು ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸುತ್ತದೆ, ಮತ್ತು ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರಿನ ಜೊತೆಗೂಡಿ ಬೇರೆಯಾಗಿಬಿಡುತ್ತದೆ. ಒಂದು ಮಳೆಗಾಲ ಎಂಜಿನ್ ಚಾಲೂ ಆಗದೆ, ಹಗ್ಗ ಎಳೆದೆಳೆದು ರಟ್ಟೆ ಸೋತ ಮೇಲೆ ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿದರೆ ಒಳಗಿದ್ದುದು ಅಂಥದೇ ನೀರು. ಈಗ ಮರುದಿನಕ್ಕೆ ಬೇಕಾಗುವ ಮೂರು ಲೀಟರನ್ನಷ್ಟೇ ಬೆರೆಸುತ್ತೇನೆ. ದಡ ಸೇರುವ ಮೊದಲು ಪೈಪ್ ಕಳಚಿ, ಕಾರ್ಬ್ಯುರೇಟರ್ ಬರಿದಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಕಾಯುತ್ತೇನೆ.

ಬೆಳಗಿನ ನಾಲ್ಕೂವರೆಯ ಕ್ರಮ ನನಗೆ ಬಾಯಿಪಾಠ. ಟ್ಯಾಂಕಿನ ಮುಚ್ಚಳದ ಗಾಳಿತಿರುಪನ್ನು ಎರಡು ಸುತ್ತು ಸಡಿಲಿಸುವುದು (ಇದನ್ನು ಮರೆತು, ಹಿನ್ನೀರಿನ ನಡುವೆ ಎಂಜಿನ್ ನಿಂತಾಗ ಪ್ಲಗ್ಗನ್ನು ಬೈದವರಲ್ಲಿ ನಾನೂ ಒಬ್ಬ), ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಹಿಂಡುವುದು, ಚೋಕ್ ಎಳೆದು ಹಗ್ಗಕ್ಕೆ ಕೈ ಹಾಕುವುದು. ಎರಡನೆಯ ಎಳೆತಕ್ಕೆ ಕೆಮ್ಮುತ್ತದೆ, ಚೋಕ್ ಒಳಗೆ ತಳ್ಳಿದರೆ ಮೂರನೆಯದಕ್ಕೆ ಹಿಡಿಯುತ್ತದೆ. ನೀಲಿ ಹೊಗೆ ನೀರಿನ ಮೇಲೆ ಹರಡುವಾಗ ನನ್ನ ಬೆರಳು ಆಗಲೇ ಆ ಎಳೆಯ ಕೆಳಗಿರುತ್ತದೆ.

ಮುಳುಗಿದ ಜಾಲಿ ಬೊಡ್ಡೆಗಳಿಗೆ ಬಡಿದು ಪ್ರೊಪೆಲ್ಲರಿನ ಒಳಗಿನ ರಬ್ಬರ್ ಬುಷ್ ಒಮ್ಮೆ ಜಾರಿತ್ತು. ಎಂಜಿನ್ ಚೀರುತ್ತದೆ, ದೋಣಿ ಕದಲುವುದಿಲ್ಲ. ಗೇರ್ ಆಯಿಲ್ ನೀರು ಸೇರಿ ಹಾಲು ಬೆರೆಸಿದ ಚಹಾದಂತೆ ಕಂಡಾಗ ಕಾರಣ ನಮ್ಮದೇ ಬಲೆಯ ನೂಲು: ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ದಿತ್ತು. ಇವೆರಡಕ್ಕೂ ಎಂಜಿನ್ನನ್ನು ದೂರುವುದು ನ್ಯಾಯವಲ್ಲ.

ಹೊಸ ಫೋರ್-ಸ್ಟ್ರೋಕ್ ಎಂಜಿನ್ ಹೊಗೆ ಕಡಿಮೆ ಉಗುಳುತ್ತದೆ, ಪೆಟ್ರೋಲನ್ನೂ ಉಳಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದರ ಬೆಲೆ ನನ್ನ ಕೈಗೆ ಎಟುಕುವುದಿಲ್ಲ, ತೂಕವೂ ಹೆಚ್ಚು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ದಡದಿಂದ ರಸ್ತೆಯವರೆಗಿನ ನಡಿಗೆ ಉದ್ದವಾಗುತ್ತ ಹೋಗುತ್ತದೆ. ಸುಮಾರು 27 ಕೆ.ಜಿ.ಯ ಇದನ್ನು ಈಗಲೂ ಹೆಗಲ ಮೇಲೆ ಹೊತ್ತು ಏರಿ ಹತ್ತಬಲ್ಲೆ.

ಹೋದ ವಾರ ಇಂಪೆಲ್ಲರನ್ನು ಮತ್ತೆ ಬದಲಿಸಿದೆ. ಹಳೆಯದರ ಒಂದು ರೆಕ್ಕೆ ಮಾತ್ರ ಬುಡದಲ್ಲಿ ಸೀಳಿತ್ತು. ಅದನ್ನು ಎಸೆಯದೆ ದೋಣಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ, ಮುಂದಿನ ಪಾರ್ಸೆಲ್ ಬರುವವರೆಗೆ ಒಂಬತ್ತು ದಿನ ದೂಡಲು ಅದು ಸಾಕು.