ಡೆಲ್ಟಾ ಮಾಡ್ಯೂಲ್ ಒನ್: ದುಬಾರಿ ಕೋರ್ಸೋ, ಹಳೆಯ ಪ್ರಶ್ನೆಪತ್ರಿಕೆಯೋ?

ಇಂಗ್ಲಿಷ್ ಕಲಿಸುವ ಶಿಕ್ಷಕರಿಗಾಗಿ ಕೇಂಬ್ರಿಡ್ಜ್ ಕೊಡುವ ಡಿಪ್ಲೊಮಾ ಡೆಲ್ಟಾ. ಅದರ ಮಾಡ್ಯೂಲ್‌ಗಳಲ್ಲಿ ಲಿಖಿತ ಪರೀಕ್ಷೆ ಇರುವುದು ಮೊದಲನೆಯದರಲ್ಲಿ ಮಾತ್ರ, ಅದೂ ಎರಡು ಪತ್ರಿಕೆಗಳಲ್ಲಿ. ಇದಕ್ಕೆ ಕೋರ್ಸ್ ಸೇರಲೇಬೇಕೆಂಬ ನಿಯಮವಿಲ್ಲ. ಆನ್‌ಲೈನ್ ಕೋರ್ಸ್, ಸ್ಟಡಿ ಗ್ರೂಪ್, ಹಳೆಯ ಪ್ರಶ್ನೆಪತ್ರಿಕೆ ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ಹಳೆಯ ಪ್ರಶ್ನೆಪತ್ರಿಕೆ ಮತ್ತು ಅದರ ಪರೀಕ್ಷಾ ವರದಿಗೆ, ಅಂದರೆ ಯಾವ ಉತ್ತರ ನಿರೀಕ್ಷಿತವಾಗಿತ್ತು ಎಂದು ಕೇಂಬ್ರಿಡ್ಜ್ ತಿಳಿಸುವ ವರದಿಗೆ. ಎರಡೂ ಜೋಡಿಯಾಗಿರಬೇಕು. ವರದಿ ಇಲ್ಲದ ಪತ್ರಿಕೆಯಿಂದ ಅರ್ಧ ಪ್ರಯೋಜನವೂ ಇಲ್ಲ.

ಕೋರ್ಸ್‌ನಲ್ಲಿ ನನಗೆ ಸಹಿಸಲಾಗದೇ ಹೋದದ್ದು ಮಾಕ್ ಪರೀಕ್ಷೆ (ಅಭ್ಯಾಸದ ಅಣಕು ಪರೀಕ್ಷೆ) ತಿದ್ದಿದ ರೀತಿ. 'ಇನ್ನಷ್ಟು ವಿವರ ಬೇಕು', 'ಉತ್ತಮ ವಿಶ್ಲೇಷಣೆ' ಎಂಬಂಥ ಷರಾ ಬರುತ್ತದೆ. ಯಾವ ಸಾಲಿಗೆ ಅಂಕ ಬಿತ್ತು, ಯಾವ ಸಾಲು ವ್ಯರ್ಥವಾಯಿತು ಎಂಬುದು ತಿಳಿಯುವುದಿಲ್ಲ. ಈ ಪರೀಕ್ಷೆಯಲ್ಲಿ ಅಂಕ ಸಿಗುವುದು ಅಂಶಕ್ಕೆ, ಪ್ರಬಂಧದ ಸೊಗಸಿಗಲ್ಲ. ಮೊದಲ ಪತ್ರಿಕೆಯ ಎರಡನೇ ಪ್ರಶ್ನೆಯನ್ನೇ ನೋಡಿ: ಪಾರಿಭಾಷಿಕ ಪದಕ್ಕೆ ವ್ಯಾಖ್ಯೆಯನ್ನೂ ಉದಾಹರಣೆಯನ್ನೂ ಕೊಡಬೇಕು. 'ಎಲಿಷನ್' ಬಂತೆನ್ನಿ. ನಿರರ್ಗಳ ಮಾತಿನಲ್ಲಿ ಒಂದು ಧ್ವನಿ ಬಿಟ್ಟುಹೋಗುವುದು, ಇದು ವ್ಯಾಖ್ಯೆ. ಎರಡು ವ್ಯಂಜನಗಳ ನಡುವಿನ 'ಟ್', 'ಡ್' ಹೆಚ್ಚಾಗಿ ಹೀಗೆ ಬಿಟ್ಟುಹೋಗುತ್ತವೆ, ಇದು ಹೆಚ್ಚುವರಿ ಅಂಶ. 'ನೆಕ್ಸ್ಟ್ ಡೇ' ಎಂಬಲ್ಲಿ 'ಟ್' ಕೇಳಿಸದು, ಇದು ಉದಾಹರಣೆ. ಮೂರು ಚಿಕ್ಕ ಸಾಲುಗಳಲ್ಲಿ ಉತ್ತರ ಮುಗಿಯಿತು. ಅದರ ಬದಲು 'ಧ್ವನಿ ಲೋಪವಾಗುತ್ತದೆ, ಉಚ್ಚಾರವಾಗುವುದಿಲ್ಲ, ಮಾಯವಾಗುತ್ತದೆ' ಎಂದು ಬರೆದರೆ ಒಂದೇ ಮಾತನ್ನು ಮೂರು ಬಾರಿ ಹೇಳಿದಂತೆ. ಉದಾಹರಣೆ ಕೊಟ್ಟು, ಬಿಟ್ಟುಹೋದ ಧ್ವನಿ ಯಾವುದೆಂದು ತೋರಿಸದಿದ್ದರೂ ಉತ್ತರ ಅಪೂರ್ಣ. ಸಾಲು ಸಾಲಾಗಿ ತಿದ್ದದಿದ್ದರೆ ಇಂಥ ದೋಷ ಕಣ್ಣಿಗೇ ಬೀಳುವುದಿಲ್ಲ.

ವರದಿಯನ್ನು ಪಕ್ಕಕ್ಕಿಟ್ಟುಕೊಂಡರೆ ಈ ಕೆಲಸ ನೀವೇ ಮಾಡಬಹುದು. ಒಂದು ಪ್ರಶ್ನೆಯನ್ನು ಗಡಿಯಾರ ಇಟ್ಟು ಬರೆಯಿರಿ. ಒಂದೊಂದು ಪತ್ರಿಕೆಗೂ 90 ನಿಮಿಷಕ್ಕೆ 100 ಅಂಕ. ಅಂದರೆ ಅಂಕವೊಂದಕ್ಕೆ 54 ಸೆಕೆಂಡು, 12 ಅಂಕದ ಪ್ರಶ್ನೆಗೆ 11 ನಿಮಿಷ ದಾಟಬಾರದು. ಆಮೇಲೆ ವರದಿಯ ಉತ್ತರಗಳ ಜೊತೆ ಅಂಶ ಅಂಶವಾಗಿ ಹೋಲಿಸಿ, ನಿಮ್ಮ ಉತ್ತರದ ಅಂಚಿನಲ್ಲಿ ಗುರುತು ಹಾಕಿ. ಗುರುತು ಬೀಳದ ಸಾಲುಗಳನ್ನು ಬೇರೆ ಹಾಳೆಗೆ ಇಳಿಸಿ, ಪಕ್ಕದಲ್ಲಿ ಕಾರಣ ಬರೆಯಿರಿ: ಪುನರುಕ್ತಿ, ಉದಾಹರಣೆ ಇಲ್ಲ, ಪ್ರಶ್ನೆ ಕೇಳಿದ್ದೇ ಬೇರೆ. ಮೂರನೆಯದು ಭಾಷಾ ವಿಶ್ಲೇಷಣೆಯಲ್ಲಿ ಹೆಚ್ಚು. ರೂಪ ಕೇಳಿದಲ್ಲಿ ಅರ್ಥ ಬರೆದುಬಿಡುತ್ತೇವೆ. 'ಹ್ಯಾವ್ ಬೀನ್ ಲಿವಿಂಗ್' ರೂಪ ವಿವರಿಸಿ ಎಂದರೆ 'ಹ್ಯಾವ್', ನಂತರ 'ಬೀನ್', ನಂತರ ಕ್ರಿಯಾಪದದ 'ಇಂಗ್' ರೂಪ ಎಂದು ಬಿಡಿಸಬೇಕು. 'ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದೆ' ಎಂಬುದು ಅಲ್ಲಿ ಉತ್ತರವೇ ಅಲ್ಲ.

ಒಂದು ಎಚ್ಚರಿಕೆ: ತೀರಾ ಹಳೆಯ ಪತ್ರಿಕೆಗಳ ಪ್ರಶ್ನೆಗಳ ಸ್ವರೂಪ ಈಗಿನದಲ್ಲ. ಕೇಂಬ್ರಿಡ್ಜ್‌ನ ಇತ್ತೀಚಿನ ಡೆಲ್ಟಾ ಹ್ಯಾಂಡ್‌ಬುಕ್ ನೋಡಿಯೇ ಆರಿಸಿಕೊಳ್ಳಿ.

ಸ್ಟಡಿ ಗ್ರೂಪ್ ಎರಡನೇ ಪತ್ರಿಕೆಗೆ ನಿಜಕ್ಕೂ ಒಳ್ಳೆಯದು. ಪಠ್ಯಪುಸ್ತಕದ ಒಂದು ಅಭ್ಯಾಸದ ಉದ್ದೇಶವೇನು ಎಂದು ಇಬ್ಬರು ಪ್ರತ್ಯೇಕವಾಗಿ ಬರೆದು ಹೋಲಿಸಿದರೆ, ಒಬ್ಬರಿಗೆ ಹೊಳೆಯದ ಉದ್ದೇಶ ಇನ್ನೊಬ್ಬರ ಹಾಳೆಯಲ್ಲಿರುತ್ತದೆ. ಮೊದಲ ಪತ್ರಿಕೆಗೆ ಬೇಡ, ಚರ್ಚೆಯಲ್ಲೇ ಹೊತ್ತು ಹೋಗುತ್ತದೆ. ಫ್ಲ್ಯಾಶ್‌ಕಾರ್ಡ್ ಪದ ನೆನಪಿಗೆ ಸಾಕು, ಅದರಾಚೆಗೆ ಇಲ್ಲ.

ತಾನಾಗಿ ದಿನಾ ಕುಳಿತು ಬರೆಯುವ ರೂಢಿ ಇಲ್ಲದವರಿಗೆ ಕೋರ್ಸ್‌ನ ಗಡುವುಗಳು ಬೇಕಾಗಬಹುದು, ಅದನ್ನು ಅಲ್ಲಗಳೆಯಲಾರೆ. ನನಗೆ ಬೆಳಗ್ಗೆ ಬರೆಯುವ ಅಭ್ಯಾಸವಿದೆ, ಬಜೆಟ್ ಚಿಕ್ಕದು. ಅದೂ ಅಲ್ಲದೆ ಮಾಡ್ಯೂಲ್ ಟೂನಲ್ಲಿ ನಾವು ತರಗತಿಯಲ್ಲಿ ಮಾಡುವ ಪಾಠದ ಮೌಲ್ಯಮಾಪನ ಇರುವುದರಿಂದ ಅಲ್ಲಿ ಕೋರ್ಸ್ ಶುಲ್ಕ ತಪ್ಪುವುದಿಲ್ಲ. ಹಣವನ್ನು ಅದಕ್ಕೇ ಎತ್ತಿಡುವುದು ಮೇಲು. ಆದರೂ ಮೊದಲ ಮಾಡ್ಯೂಲ್‌ಗೂ ಕೋರ್ಸ್ ಬೇಕೆನಿಸಿದರೆ, ದುಡ್ಡು ಕಟ್ಟುವ ಮುನ್ನ ತಿದ್ದಿದ ಮಾಕ್ ಉತ್ತರದ ಒಂದು ಮಾದರಿ ಕೇಳಿ. ಸಾಲಿನ ಪಕ್ಕ ಅಂಕ ನಮೂದಾಗಿರದಿದ್ದರೆ ಆ ಕೋರ್ಸ್ ಬೇಡ.