ಗುರಾಣಿಯೋ, ದೊಡ್ಡ ಕತ್ತಿಯೋ?

ಡೊಂಬಿವಲಿಯ ನಮ್ಮ ಭಾನುವಾರದ ಆಟಕ್ಕೆ ಹೊಸಬರು ಬಂದಾಗಲೆಲ್ಲ ಇದೇ ಪ್ರಶ್ನೆ. ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮದಲ್ಲಿ ಎರಡು ಕೈಯ ಗ್ರೇಟ್‌ಸ್ವೋರ್ಡ್‌ಗೆ ಹಾನಿ ಎಣಿಸಲು ಆರು ಮುಖದ ಎರಡು ದಾಳ, ಸರಾಸರಿ 7. ಒಂದು ಕೈಯ ಲಾಂಗ್‌ಸ್ವೋರ್ಡ್‌ಗೆ ಎಂಟು ಮುಖದ ಒಂದೇ ದಾಳ, ಸರಾಸರಿ 4.5. ದೊಡ್ಡದೇ ಮೇಲು ಅನ್ನಿಸುತ್ತೆ, ಅಲ್ವಾ?

ಆದರೆ ಖಾಲಿ ಉಳಿದ ಕೈಗೆ ಗುರಾಣಿ ಬರುತ್ತದೆ. ಚೈನ್ ಮೇಲ್ (ಉಂಗುರ ಹೆಣೆದ ಕವಚ) ತೊಟ್ಟವರ ರಕ್ಷಣೆ, ಅಂದರೆ ಏಟು ತಗಲಲು ಶತ್ರು ಮುಟ್ಟಬೇಕಾದ ಅಂಕ, 16ರಿಂದ 18ಕ್ಕೆ ಏರುತ್ತದೆ. ದಾಳಕ್ಕೆ +5 ಸೇರಿಸಿಕೊಳ್ಳುವ ಶತ್ರುವಿಗೆ ಮೊದಲು ಇಪ್ಪತ್ತು ಮುಖದ ದಾಳದಲ್ಲಿ 11 ಬಿದ್ದರೆ ಸಾಕಿತ್ತು, ಈಗ 13 ಬೇಕು. ತಗಲುವ ಐದು ಏಟಿನಲ್ಲಿ ಒಂದು ತಪ್ಪಿತು! ಒಂದೇ ಕೈಯಲ್ಲಿ ಆಯುಧ ಹಿಡಿಯುವ ಡ್ಯುಯೆಲಿಂಗ್ ಶೈಲಿ ತಗೊಂಡರೆ ನಿಮ್ಮ ಏಟಿನ ಹಾನಿಗೂ 2 ಸೇರುತ್ತದೆ.

ಬಾರ್ಬೇರಿಯನ್ (ರೇಜ್ ಎಂಬ ಆವೇಶದಲ್ಲಿ ಕಾದುವ ಪಾತ್ರ) ಆಡುವವರು ಮಾತ್ರ ದೊಡ್ಡ ಕತ್ತಿಯನ್ನೇ ಹಿಡಿಯಿರಿ. ರೇಜ್‌ನಲ್ಲಿದ್ದಾಗ ನಿಮಗೆ ಬೀಳುವ ಆಯುಧದ ಏಟಿನ ಹಾನಿ ಹೇಗೂ ಅರ್ಧವಾಗುತ್ತದೆ. ಗುಂಪಿನಲ್ಲಿ ಮುಂದೆ ನಿಲ್ಲುವವರು ನೀವೊಬ್ಬರೇ ಆದರೆ, ದಯವಿಟ್ಟು ಗುರಾಣಿ ಬಿಡಬೇಡಿ.